ಎರಡು ಚುಕ್ಕಿ, ಒಂದು ಓರೆಗೆರೆ ಮತ್ತು ನಮ್ಮ ಅತ್ತಿಗೆ

ಹೋದ ತಿಂಗಳು ಹರವೆಯಲ್ಲಿರುವ ನನ್ನ ತಂಗಿ ಮಂಜುಳಾಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ನಿನ್ನಂಥ ತಂಗಿ ಇರೋದಕ್ಕಿಂತ ಇಲ್ದಿರೋದೇ ವಾಸಿ" ಅಂತಲೂ ಅಂದೆ. ಅವಳು ಅತ್ತಳು. ನಾನು ಫೋನ್ ಕುಕ್ಕಿದೆ. (ಮೊಬೈಲ್ ಕುಕ್ಕಿದರೆ ಹಳೇ ಲ್ಯಾಂಡ್‌ಲೈನ್ ಕುಕ್ಕಿದ ಸುಖ ಸಿಗುವುದಿಲ್ಲ, ಆ ಮಾತು ಬೇರೆ.) ಇಷ್ಟೆಲ್ಲ ರಂಪ ಆದ ಮೇಲೆ ಗೊತ್ತಾಯಿತು, ತಪ್ಪು ಅವಳದ್ದಲ್ಲ. ಎರಡು ಚುಕ್ಕಿ ಮತ್ತು ಒಂದು ಓರೆಗೆರೆಯದ್ದು.

ರಂಗೋಲಿಯ ಚುಕ್ಕಿಯಲ್ಲ, ಕಂಪ್ಯೂಟರಿನ ಚುಕ್ಕಿ. ತಾಳಿ, ಮೊದಲಿನಿಂದ ಹೇಳುತ್ತೇನೆ.

ನನ್ನ ತಮ್ಮ ನಾಗರಾಜು ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು. ಇಷ್ಟು ಮಾಡಿಕೊಂಡು ಸುಮ್ಮನಿದ್ದರೆ ಅವನು ನಮ್ಮ ನಾಗರಾಜುವೇ ಅಲ್ಲ. ಒಂದು ದಿನ ಯಾವುದೋ ವಿಡಿಯೋ ನೋಡಿ ತಲೆ ಕೆಡಿಸಿಕೊಂಡ. "ನಮ್ಮನೆ ಮಾತ್ನೆಲ್ಲ ಯಾವ್ದೋ ಕಂಪ್ನಿ ಕೈಗೆ ಯಾಕೆ ಕೊಟ್ಟು ಕೂರ್ಬೇಕಕ್ಕ?" ಅಂದವನೇ, ಅಂಗಡಿಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ನಮ್ಮ ಬಳಗಕ್ಕೇ ಸ್ವಂತ ಚಾಟ್ ಸರ್ವರ್ ಕಟ್ಟಿಬಿಟ್ಟ. ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುವ ಸಾಫ್ಟ್‌ವೇರು. ಫೋಟೋ, ವಾಯ್ಸ್ ಮೆಸೇಜು, ಗುಡ್ ಮಾರ್ನಿಂಗು ಎಲ್ಲ ಅದರಲ್ಲೇ ಓಡಾಡತೊಡಗಿದವು. ಬಳಗಕ್ಕೆ ಬಳಗವೇ ಹೆಮ್ಮೆಯಿಂದ ಬೀಗಿತು.

ಆ ಸಾಫ್ಟ್‌ವೇರು ಒಬ್ಬೊಬ್ಬರ ಫೈಲುಗಳನ್ನು ಇಡುವ ಫೋಲ್ಡರಿಗೆ ತಾನೇ ಒಂದು ಉದ್ದನೆಯ, ತಲೆಬುಡವಿಲ್ಲದ ಹೆಸರು ಕೊಡುತ್ತದಂತೆ. ತಮ್ಮನಿಗೆ ಅದು ಸರಿ ಬರಲಿಲ್ಲ. ನಮ್ಮ ಕಡೆ ಮನುಷ್ಯನನ್ನು ಗುರುತಿಸುವುದು ಅವನ ಹೆಸರಿನಿಂದಲ್ಲ, ಮನೆಯಿಂದ. ತೊಟ್ಟಿ ಮನೆ, ಬಾವಿ ಮನೆ, ಗಿರಣಿ ಮನೆ. ಫೋಲ್ಡರುಗಳಿಗೂ ಅವೇ ಹೆಸರಿಟ್ಟ. ಚಾಮರಾಜನಗರದಲ್ಲಿರುವ ನಮ್ಮದು ಮೇಷ್ಟ್ರ ಮನೆ. (ಮೇಷ್ಟ್ರು ನನ್ನ ಗಂಡ. ನಾನು ಇಷ್ಟು ವರ್ಷದಿಂದ ಅಂಕಣ ಬರೆಯುತ್ತಿದ್ದರೂ ಅದು ಲೇಖಕಿ ಮನೆ ಆಗಿಲ್ಲ, ಗಮನಿಸಿ.)

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಡಾಕ್ಟರು ಒತ್ತಿ ನೋಡಿ, ಮೈಸೂರಿಗೆ ಹೋಗಿ ಸೂಜಿ ಹಾಕಿ ಪರೀಕ್ಷೆ ಮಾಡಿಸಿ ಅಂದರು. ನಮ್ಮ ಚಿಕ್ಕವ್ವ ಇಂಥದ್ದೇ ಗಂಟಿನಿಂದ ಹೋದವರು. ಅದನ್ನು ಕಣ್ಣಾರೆ ಕಂಡ ಅವ್ವನಿಗೆ ಈ ಸುದ್ದಿ ತಿಳಿದರೆ ಪರೀಕ್ಷೆಯ ತನಕ ಅನ್ನ ಮುಟ್ಟುವುದಿಲ್ಲ. ನನಗೆ ಭಯವಾಗಿತ್ತು. ಅವ್ವನ ಭಯವನ್ನೂ ಹೊರುವ ಶಕ್ತಿ ನನಗಿರಲಿಲ್ಲ.

ಮಂಜುಳಾಗೊಬ್ಬಳಿಗೆ ವಾಯ್ಸ್ ಮೆಸೇಜು ಕಳಿಸಿದೆ. ಗಂಟಿನ ಕತೆ ಹೇಳಿದೆ, ನುಂಗುವಾಗ ಸಿಕ್ಕಿದಂತಾಗುತ್ತದೆ ಅಂದೆ, ಸ್ವಲ್ಪ ಅತ್ತೆ. ಪರೀಕ್ಷೆಗೆ ನೀನೇ ಜೊತೆಗೆ ಬಾ ಅಂದೆ. (ಮೇಷ್ಟ್ರನ್ನು ಕರೆದುಕೊಂಡು ಹೋಗುವಂತಿಲ್ಲ. ಸೂಜಿ ಕಂಡರೆ ನನಗಿಂತ ಮೊದಲು ಅವರೇ ಮಂಚದ ಮೇಲೆ ಮಲಗುತ್ತಾರೆ.) ಕೊನೆಯಲ್ಲಿ ಒಂದು ಮಾತು ಸೇರಿಸಿದೆ. "ಮಾದೇವಮ್ಮತ್ಗೆಗೆ ಮಾತ್ರ ಗೊತ್ತಾಗ್ಬಾರ್ದು ಕಣೆ. ಅವ್ರ ಕಿವಿಗೆ ಬಿದ್ರೆ ಮದ್ದೂರು ಚೆಕ್‌ಪೋಸ್ಟ್‌ವರೆಗೂ ಡಂಗುರ ಸಾರ್ಬುಡ್ತಾರೆ."

(ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ದಾಟಿ ಕೇರಳದ ದಾರಿಯಲ್ಲಿ ಸಿಗುವ ಮದ್ದೂರು.) ಮಾದೇವಮ್ಮ ನಮ್ಮ ದೊಡ್ಡಣ್ಣನ ಹೆಂಡತಿ. ಗುಂಡ್ಲುಪೇಟೆಯ ನಮ್ಮ ತೌರುಮನೆ ನಡೆಯುವುದೇ ಅವರ ಬಾಯಿಂದ. ಯಾರ ಮನೆಗೆ ಯಾರು ಬಂದರು, ಯಾಕೆ ಬಂದರು, ಏನು ತಿಂದು ಹೋದರು, ಎಲ್ಲ ಅವರಿಗೆ ಗೊತ್ತು.

ಮೆಸೇಜು ಕಳಿಸಿ ವಾರವಾಗಿರಲಿಲ್ಲ, ಅತ್ತಿಗೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಕ್ಯಾರಿಯರು. ಸುಮ್ಮನೆ ಬಂದೆ ಅಂದರು. ಸರಿ. ಮತ್ತೆ ಬಂದರು. ಅರಿಸಿನ ವ್ಯಾಪಾರದ ಕೆಲಸಕ್ಕೆ ಅಣ್ಣ ಪೇಟೆಗೆ ಬಂದಿದ್ದಾನೆ, ಜೊತೆಗೆ ಬಂದೆ ಅಂದರು. ಅದೂ ಸರಿ. ಮತ್ತೂ ಬಂದರು. ತಟ್ಟೆಗೆ ಉಪ್ಸಾರು ಬಿಟ್ಟು ಹೇಳಿದರು: "ಮುದ್ದೆ ಮೆತ್ಗೆ ತಿರುವಿವ್ನಿ ಕಣಮ್ಮಿ. ನುಂಗಾಕೆ ಸಲೀಸು."

ನುಂಗಾಕೆ ಸಲೀಸು! ಹುಟ್ಟಿದಾಗಿನಿಂದ ಮುದ್ದೆ ನುಂಗುತ್ತಿರುವ ನನಗೆ ಈ ಉಪಚಾರ ಯಾಕೆ? ಹೇಳುವಾಗ ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕತ್ತಿನ ಮೇಲಿತ್ತು. ಅವರು ಬಸ್ಸು ಹತ್ತಿದ್ದೇ ತಡ, ನಾನು ಮಂಜುಳಾಗೆ ಫೋನ್ ಹಚ್ಚಿದೆ. ಆ ಮಂಗಳಾರತಿಯ ವಿವರ ಮೊದಲೇ ಹೇಳಿದ್ದೇನೆ. "ದೇವ್ರಾಣೆಗೂ ನಾನು ಯೋಳಿಲ್ಲ ಕಣಕ್ಕ" ಅಂದಳು. ನಾನು ನಂಬಲಿಲ್ಲ. ಮರುದಿನದಿಂದ ಅವಳು ನನ್ನ ಫೋನ್ ಎತ್ತಲಿಲ್ಲ. ಪರೀಕ್ಷೆಯ ದಿನ ಹತ್ತಿರ ಬರುತ್ತಿತ್ತು. ಕತ್ತಿನಲ್ಲಿ ಗಂಟು, ಜೊತೆಗೆ ತಂಗಿಯಿಲ್ಲ. ಯಾವುದಕ್ಕೆ ಹೆಚ್ಚು ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಬಸ್ಸು ಹತ್ತಿ ಗುಂಡ್ಲುಪೇಟೆಗೆ, ಸೀದಾ ತಮ್ಮನ ಅಂಗಡಿಗೆ ಹೋದೆ. "ಲೋ, ಮಂಜುಳಾ ನನ್ನ ಮೆಸೇಜನ್ನ ಯಾರಿಗಾದ್ರೂ ಕಳ್ಸಿದ್ದಾಳಾ, ನೋಡ್ಲಾ" ಅಂದೆ. ನೋಡಿದ. ಕಳಿಸಿಲ್ಲ. "ಮತ್ತೆ ಬೇರೆಯವರಿಗೆ ಹೇಗೆ ಗೊತ್ತಾಯ್ತು?"

ಅವನ ಮುಖ ಸಣ್ಣಗಾಯಿತು. ಆ ಸಾಫ್ಟ್‌ವೇರು ಮಾಡಿದವರಿಂದ ತಿಂಗಳುಗಳ ಹಿಂದೆಯೇ ಒಂದು ಎಚ್ಚರಿಕೆ ಬಂದಿತ್ತಂತೆ. ಇದರಲ್ಲೊಂದು ತೂತಿದೆ, ಲಾಗಿನ್ ಆದ ಯಾರು ಬೇಕಾದರೂ ಬೇರೆಯವರ ಫೈಲು ತೆಗೆದುಬಿಡಬಹುದು, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಅಂತ. ಆ ತೂತಿನ ಹೆಸರು ಪಾಥ್ ಟ್ರಾವರ್ಸಲ್.

"ಹಂಗಂದ್ರೆ?"

"ನಮ್ ಹೂವಿನ್ ಹೊಲ್ದಾಗೆ ಕೇರಳದ ಕಾರ್ನೋರು ಫೋಟೋ ತೆಗಿಯಾಕೆ ಇಳೀತಾರಲ್ಲಕ್ಕ, ಅಂಗೆಯ. ನಾವು ನಮ್ ಹೊಲಕ್ಕೆ ಮಾತ್ರ ಬುಟ್ಟಿರ್ತೀವಿ. ಅವ್ರು ಒಳಿಕ್ ಬಂದು ಬದು ಹತ್ತಿ ಪಕ್ದೋನ ಹೊಲಕ್ಕೆ ಇಳ್ದುಬುಡ್ತಾರೆ. ಫೈಲಿನ ಅಡ್ರೆಸ್ನಾಗೆ ಎರಡು ಚುಕ್ಕಿ ಹಾಕಿದ್ರೆ ಬದು ಹತ್ತು ಅಂತ. ಓರೆಗೆರೆ ಹಾಕಿ ಪಕ್ಕದ ಫೋಲ್ಡರ್ ಹೆಸರು ಬರೆದ್ರೆ ಅಲ್ಲಿಗೆ ಇಳಿ ಅಂತ. ಒಳಿಕ್ ಬಂದೋನು ಎಲ್ಲಿಗೋದ ಅಂತ ಈ ಸಾಫ್ಟ್‌ವೇರು ನೋಡಾದೇ ಇಲ್ಲ."

ಬೇರೆ ಊರಿನ ಕಳ್ಳನಾದರೆ ಪಕ್ಕದ ಫೋಲ್ಡರಿನ ಹೆಸರು ಊಹಿಸಲು ತಿಣುಕಬೇಕು. ನಮ್ಮ ಬಳಗದಲ್ಲಿ? ತೊಟ್ಟಿ ಮನೆ, ಬಾವಿ ಮನೆ, ಗಿರಣಿ ಮನೆ. ಹೇಳಿಕೊಡುವವರೇ ಬೇಕಿಲ್ಲ.

"ಗೊತ್ತಿದ್ದೂ ಯಾಕ್ಲಾ ಅಪ್‌ಡೇಟ್ ಮಾಡ್ಲಿಲ್ಲ?"

"ಓದ್ಸಲ ಮಾಡ್ದಾಗ ಬಟನ್ನು ಆ ಕಡೆಯಿಂದ ಈ ಕಡೆಗೋಯ್ತು ಅಂತ ಇಡೀ ಬಳಗವೇ ನನ್ನ ಹರ್ಕೊಂಡು ತಿನ್ನಿಲ್ವಾ? ಅತ್ಗೆ ಅಂತೂ ಊಟ ಕಳ್ಸಾದೇ ನಿಲ್ಸಿದ್ರು. ಅದೂ ಅಲ್ದೆ, ಒಳಗಿರೋರೆಲ್ಲ ನಮ್ಮೋರೇ ತಾನೆ ಅಂತ ಸುಮ್ಕಾದೆ."

ನಮ್ಮೋರೇ ತಾನೆ! ಮುಂಬಾಗಿಲಿಗೆ ಹಿತ್ತಾಳೆ ಬೀಗ ಜಡಿದು, ಹಿತ್ತಿಲ ಬಾಗಿಲನ್ನು ಹಾರುಹೊಡೆದು ಮಲಗುವ ನಮ್ಮಂಥವರ ಸೆಕ್ಯುರಿಟಿ ಪಾಲಿಸಿ ಇಷ್ಟೇ. ದೂರದ ಕಂಪನಿ ನಮ್ಮ ಮಾತು ಕೇಳಿಸಿಕೊಂಡೀತು ಎಂದು ಹೆದರಿ ಸ್ವಂತ ಸರ್ವರ್ ಕಟ್ಟಿದೆವು. ಅಲ್ಲ ಸ್ವಾಮಿ, ದೂರದ ಕಂಪನಿಗೆ ನನ್ನ ಕತ್ತಿನ ಗಂಟು ಕಟ್ಟಿಕೊಂಡು ಏನಾಗಬೇಕು? ಅದು ಬೇಕಾಗಿರುವುದು ನಮ್ಮವರಿಗೇ ಅಲ್ಲವೇ?

ನಾನು ಇನ್ನೂ ನಂಬದೆ ನಿಂತಿದ್ದರಿಂದ ತಮ್ಮ ಮಾಡಿ ತೋರಿಸಿದ. ತನ್ನದೇ ಲಾಗಿನ್‌ನಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ, ಮೇಷ್ಟ್ರ ಮನೆ. ಬಂದ ಪಟ್ಟಿಯಲ್ಲಿ ನನ್ನ ಮೆಸೇಜು ಹುಡುಕಿ, ಅದರ ಕೊನೆಯ ಭಾಗಕ್ಕೆ ಒತ್ತಿದ. ಅಂಗಡಿಯ ಸ್ಪೀಕರಿನಿಂದ ನನ್ನದೇ ದನಿ ಹೊರಟಿತು, ಜೆರಾಕ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡುವ ಹಾಗೆ. "ಮಾದೇವಮ್ಮತ್ಗೆಗೆ ಮಾತ್ರ ಗೊತ್ತಾಗ್ಬಾರ್ದು ಕಣೆ. ಅವ್ರ ಕಿವಿಗೆ ಬಿದ್ರೆ ಮದ್ದೂರು..."

ಸರಿಯಾಗಿ ಅದೇ ಗಳಿಗೆಗೆ, ತಮ್ಮನ ಊಟದ ಕ್ಯಾರಿಯರು ಹಿಡಿದು ಬಾಗಿಲಲ್ಲಿ ನಿಂತವರು ಯಾರು? ಸಾಕ್ಷಾತ್ ಅತ್ತಿಗೆ.

ತಮ್ಮ ತಡಬಡಿಸಿ ಸ್ಪೀಕರ್ ಆರಿಸಿದ. ಅತ್ತಿಗೆ ಕ್ಯಾರಿಯರನ್ನು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಯಾಕ್ಲಾ ನಿಲ್ಸ್‌ಬುಟ್ಟೆ? ಚೆಕ್‌ಪೋಸ್ಟ್‌ವರ್ಗೂ ಡಂಗುರ ಅಂತ ಮುಂದಕ್ಕೂ ಅದೆ" ಅಂದರು.

ಎಚ್ಚರಿಕೆ ಬಂದ ದಿನ ನಿಜವೋ ಸುಳ್ಳೋ ನೋಡೋಣ ಎಂದು ತಮ್ಮ ಚುಕ್ಕಿ ಹಾಕಿ ಪರೀಕ್ಷೆ ಮಾಡಿದ್ದ. ಊಟ ತಂದ ಅತ್ತಿಗೆ ಅವನ ಹಿಂದೆಯೇ ನಿಂತು ನೋಡಿದ್ದರು. ಅಷ್ಟು ಸಾಕಾಗಿತ್ತು.

ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಸಿಟ್ಟೇ ಮುಂದೆ ನುಗ್ಗಿತು. "ಇನ್ನೊಬ್ರ ಮಾತನ್ನ ಹಿಂಗೆ ಕದ್ದು ಕೇಳೋದು ತಪ್ಪಲ್ವಾ ಅತ್ಗೆ?" ಅಂದೆ.

"ತಪ್ಪೇ ಕಣಮ್ಮಿ. ಇಲ್ಲ ಅಂದೋರ್ಯಾರು?" ಅಂದರು ಅತ್ತಿಗೆ. "ಪೋನ್ ಮಾಡ್ದಾಗ್ಲೆಲ್ಲ ಏನಿಲ್ಲ ಏನಿಲ್ಲ ಅಂತಿದ್ದೆ. ದನಿ ನೋಡುದ್ರೆ ಸತ್ತೋದಂಗಿತ್ತು. ನಾನೇನ್ ಮಾಡನ? ಬಂದಂಗೆಲ್ಲ ನೀನಾಗೇ ಯೋಳ್ತೀಯೇನೋ ಅಂತ ಕಾದೆ. ನೀನು ಮುದ್ದೆ ನುಂಗ್ದೆ, ಮಾತೂ ನುಂಗ್ದೆ."

ಆಮೇಲೆ ದನಿ ತಗ್ಗಿಸಿದರು. "ಅವ್ವಂಗೆ ಯೋಳಿಲ್ಲ. ನಿಮ್ಮಣ್ಣಂಗೂ ಯೋಳಿಲ್ಲ. ಎದೆವೊಳ್ಗೆ ಕಲ್ ಇಟ್ಕೊಂಡಂಗೆ ತಿರುಗ್ತಿವ್ನಿ."

ನಾನು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತೆ. ಜೆರಾಕ್ಸಿನವರು ನೋಡಿದರೆ ನೋಡಲಿ ಅನ್ನಿಸಿತು.

ಅತ್ತಿಗೆ ಮಾಡಿದ್ದು ಸರಿ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನನ್ನ ಗಂಟು ನನ್ನದು, ಅದನ್ನು ಯಾರಿಗೆ ಹೇಳಬೇಕು ಅನ್ನುವುದೂ ನನ್ನದೇ. ಅವರ ಜಾಗದಲ್ಲಿ ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ? ತಮ್ಮ ಅವತ್ತೇ ಅಪ್‌ಡೇಟ್ ಮಾಡಿ, ಫೋಲ್ಡರುಗಳಿಗೆ ಹಳೆಯ ತಲೆಬುಡವಿಲ್ಲದ ಹೆಸರನ್ನೇ ಕೊಟ್ಟ. ಚುಕ್ಕಿಗಳ ಆಟ ನಿಂತಿತು. ಬಟನ್ನು ಮತ್ತೆ ಬೇರೆ ಕಡೆಗೆ ಹೋಯಿತು. ಬಳಗ ಮತ್ತೆ ಅವನನ್ನು ಹರಿದುಕೊಂಡು ತಿಂದಿತು. ಈ ಸಲ ಅತ್ತಿಗೆ ಅವನ ಪರ ನಿಂತರು.

ಹರವೆಗೆ ಹೋಗಿ ಮಂಜುಳಾಳ ಕೈ ಹಿಡಿದು ತಪ್ಪಾಯ್ತು ಅಂದೆ. ಅವಳು ಸುಲಭಕ್ಕೆ ಕರಗಲಿಲ್ಲ, ಆದರೆ ಪರೀಕ್ಷೆಯ ದಿನ ಚಾಮರಾಜನಗರದ ರೈಲು ನಿಲ್ದಾಣದಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಳು. ಪಕ್ಕದಲ್ಲಿ ಅತ್ತಿಗೆ, ಕೈಯಲ್ಲಿ ಕ್ಯಾರಿಯರು. ಸೂಜಿ ಹಾಕುವಾಗ ಒಂದು ಕೈ ತಂಗಿ ಹಿಡಿದಿದ್ದಳು, ಇನ್ನೊಂದು ಅತ್ತಿಗೆ. ಫಲಿತಾಂಶ ಬಂತು. ಹೆದರುವಂಥದ್ದೇನೂ ಅಲ್ಲ, ಮಾತ್ರೆ ಸಾಕು ಅಂದರು ಡಾಕ್ಟರು.

ಅವ್ವನಿಗೆ ಆಮೇಲೆ ನಾನೇ ಹೇಳಿದೆ. ಕೇಳಿ, "ಅದ್ಕೇ ಮಾದೇವಿ ಗಳ್ಗೆಗೊಂದ್ಸಲ ಬಸ್ ಹತ್ತಿ ಓಗ್ತಿದ್ಳು ಅನ್ನು. ಎಷ್ಟ್ ಕೇಳುದ್ರೂ ಬಾಯೇ ಬುಡ್ನಿಲ್ಲ ಕಣವ್ವ" ಅಂದಳು.

ಬಾಯಿಗೆ ಬೀಗವೇ ಇಲ್ಲ ಎಂದು ನಾನು ಆಡಿಕೊಂಡ ಅತ್ತಿಗೆ ಇವತ್ತಿನವರೆಗೂ ಹೊರಗಿನ ಒಬ್ಬರಿಗೂ ಈ ವಿಷಯ ಹೇಳಿಲ್ಲ. ನಾನು ನೋಡಿ, ಗಂಟು, ಅಳು, ಜಗಳ ಒಂದನ್ನೂ ಬಿಡದೆ ಪೇಪರಿನಲ್ಲೇ ಬರೆದುಬಿಟ್ಟೆ. ಈಗ ನೀವೇ ಹೇಳಿ, ಡಂಗುರ ಸಾರಿದವರು ಯಾರು?