ರಸ್ತೆಯ ಮೇಲಿನ ಹಾಸು

ನಮ್ಮ ಓಣಿಯ ಹಿಂದಿನ ಬಯಲನ್ನು ರಸ್ತೆಗೆ ಬಿಟ್ಟುಕೊಡಲು ಎಲ್ಲರನ್ನೂ ಒಪ್ಪಿಸಿದವನು ನಮ್ಮಪ್ಪ. ಬೆಟಗೇರಿಯ ಆ ಅಂಚಿನಲ್ಲಿ ಆಗ ಇದ್ದದ್ದು ಜಾಲಿ ಕಂಟಿ, ನಾಲ್ಕು ಬೇವಿನ ಮರ, ಅದರಾಚೆ ಶೇಂಗಾ ಹೊಲ. ಹೊರಗಿನವರಿಗೆ ಅದು ಬೀಳು. ನೇಕಾರರಾದ ನಮಗೆ ಅದಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಸೀರೆಯ ಉದ್ದಕ್ಕೆ ಬರುವ ನೂಲನ್ನು, ಅಂದರೆ ಹಾಸನ್ನು, ಬೆಳಗಿನ ತಂಪಿನಲ್ಲಿ ಮರದಿಂದ ಮರಕ್ಕೆ ಬಿಗಿಯಾಗಿ ಚಾಚಿ, ಗಂಜಿ ಸವರಿ ಒಣಗಿಸಬೇಕು. ನಡುವೆ ಸಡಿಲವಾದರೆ ಒದ್ದೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ವಾರಗಟ್ಟಲೆ ಪಟ್ಟ ಪಾಡೆಲ್ಲ ಹಾಳು. ಹಾಗಾಗಿ ಹಾಸು ಹಿಡಿದವರಿಗೆ ಒಂದೇ ಕಟ್ಟಪ್ಪಣೆ: ಏನೇ ಆಗಲಿ, ಕೈ ಬಿಡಬಾರದು.

ರಸ್ತೆಯ ನಕ್ಷೆ ಹಿಡಿದು ಅಧಿಕಾರಿಗಳು ಬಂದಾಗ ಅಪ್ಪನ ಕಣ್ಣಿಗೆ ವಾಹನ ಕಾಣಲೇ ಇಲ್ಲ. ಅವನಿಗೆ ಕಂಡದ್ದು ಮುಳ್ಳಿಲ್ಲದ, ಧೂಳಿಲ್ಲದ, ನೆಟ್ಟಗೆ ಹೋಗುವ ನುಣುಪು ನೆಲ. ಹಾಸು ಚಾಚಲು ಹೇಳಿ ಮಾಡಿಸಿದಂಥ ಜಾಗ. ಊರ ಹೊರಗಿನ ರಸ್ತೆಯಲ್ಲಿ ಯಾರು ಓಡಾಡುತ್ತಾರೆ ಎಂದು ಮನೆಮನೆ ತಿರುಗಿ ಸಹಿ ಹಾಕಿಸಿದ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಅಜ್ಜಿ ಗೊಣಗಿದಳು. ಮುದುಕಿಯ ಮಾತನ್ನು ನಾನೂ ನಕ್ಕು ಹಾರಿಸಿಬಿಟ್ಟೆ. ಕಾಲೇಜು ಮುಗಿಸಿದ್ದ ಜಾಣೆ ನಾನು.

ಸುಳ್ಳೇಕೆ ಹೇಳಲಿ, ಮೊದಲ ವರ್ಷ ಅಪ್ಪನೇ ಗೆದ್ದ. ಡಾಂಬರು ಬಿದ್ದಿತ್ತು, ಆದರೆ ಮುಂದಿನ ಹಳ್ಳಕ್ಕೆ ಸೇತುವೆ ಮುಗಿಯದೆ ಒಂದು ಗಾಡಿಯೂ ಬರುತ್ತಿರಲಿಲ್ಲ. ಬೇವಿನ ಮರಗಳನ್ನು ಕಡಿದಿದ್ದರಿಂದ ಹಾಸಿನ ಒಂದು ತುದಿಯ ಹಗ್ಗವನ್ನು ಅಪ್ಪ, ಇನ್ನೊಂದನ್ನು ನಾನು ಕಲ್ಲುಗುಂಡಿಗೆ ಸುತ್ತು ಹಾಕಿ ಹಿಡಿಯುತ್ತಿದ್ದೆವು. ನಡುವೆ ಅವ್ವ ಗಂಜಿ ಸವರುತ್ತಿದ್ದಳು. ಇಡೀ ಓಣಿಯ ಬಣ್ಣಬಣ್ಣದ ಹಾಸುಗಳು ಆ ಕರಿ ನೆಲದ ಮೇಲೆ ಸಾಲಾಗಿರುತ್ತಿದ್ದವು. ನಮ್ಮ ಮನೆಯಲ್ಲಿ ಅಷ್ಟು ನಗು ನಾನು ಮತ್ತೆ ಕೇಳಿಲ್ಲ.

ಸೇತುವೆ ಮುಗಿಯಿತು. ಮುಂಡರಗಿ ಕಡೆಯಿಂದ ಮರಳಿನ ಟಿಪ್ಪರ್‌ಗಳು ಶುರುವಾದವು. ಓಣಿಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಪ್ಪ ಸರಿಯಲಿಲ್ಲ. ಜಾಗ ಕೊಟ್ಟವರು ನಾವು, ಹೊತ್ತು ಏರುವವರೆಗಾದರೂ ಅದು ನಮ್ಮದು ಎಂಬುದು ಅವನ ಹಟ. ಅರ್ಧ ರಸ್ತೆಗೆ ಕಲ್ಲು, ಜಾಲಿ ಮುಳ್ಳು ಅಡ್ಡ ಇಟ್ಟು ಹಾಸು ಚಾಚಿಸುತ್ತಿದ್ದ.

ಅವತ್ತು ಮಂಜು ಇತ್ತು. ಟಿಪ್ಪರ್ ನನ್ನ ತುದಿಯ ಕಡೆಯಿಂದ ಬಂತು. ಮುಳ್ಳಿನ ಮೇಲೆ ಹತ್ತಿದ ಸದ್ದು ಕೇಳಿತು. ಆ ತುದಿಯಿಂದ ಅಪ್ಪ ಕೂಗಿದ:

"ಕೈ ಬಿಡಬ್ಯಾಡ್ರಿ!"

ನಾನು ಬಿಟ್ಟೆ. ಬಿಟ್ಟು ಪಕ್ಕದ ಗಟಾರಕ್ಕೆ ಜಿಗಿದೆ. ಬಿಗಿ ತಪ್ಪಿದ ಒದ್ದೆ ಹಾಸು ಅವ್ವನ ಕಾಲಿನ ಮೇಲೆ ಬಿತ್ತು. ಅವಳು ಓಡಬಹುದಿತ್ತು, ಓಡದೆ ಬಗ್ಗಿ ಎಳೆಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. ಚಾಲಕ ಬ್ರೇಕ್ ಹಾಕಿದ್ದ, ಪಾಪ. ಗಾಡಿ ನಿಂತಾಗ ಮುಂದಿನ ಗಾಲಿ ಅವಳ ಬಲಗಾಲಿನ ಮೇಲಿತ್ತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳು ಮೊದಲು ಕೇಳಿದ್ದು ಹಾಸಿನ ಬಗ್ಗೆ.

ನಮ್ಮದು ಕುಣಿಯ ಮಗ್ಗ; ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಬಲಪಾದ ಕತ್ತರಿಸಿದ ಮೇಲೆ ಅವಳು ಒಂದು ಸೀರೆಯನ್ನೂ ನೇಯಲಿಲ್ಲ. ಅಪ್ಪ ಕುಣಿಗೆ ಮಣ್ಣು ತುಂಬಿ ಆ ಕೋಣೆಯನ್ನು ಪಂಕ್ಚರ್ ಅಂಗಡಿಗೆ ಕೊಟ್ಟ. ಆ ಬೆಳಗಿನ ವಿಷಯ ಅವನು ಸಾಯುವವರೆಗೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಮೇಲಿನ ಸಿಟ್ಟಿಗಿಂತ ಅದು ಕಡಿಮೆ.

ಈಗ ರಸ್ತೆ ಅಗಲವಾಗಿದೆ. ಶೇಂಗಾ ಹೊಲದಲ್ಲಿ ಪ್ಲಾಟಿನ ಕಲ್ಲುಗಳು, ಧಾಬಾ, ಬೈಕ್ ಶೋರೂಮ್. ಹಳ್ಳವನ್ನು ಸಿಮೆಂಟಿನಿಂದ ಮುಚ್ಚಿದ್ದಾರೆ. ನಾವು ಹಾಸು ಚಾಚುತ್ತಿದ್ದ ಜಾಗದ ಪಕ್ಕಕ್ಕೇ ಒಂದು ಸೀರೆ ಅಂಗಡಿ ಬಂದಿದೆ; ಮಾಲೆಲ್ಲ ಸೂರತ್ತಿನದು. ನಮ್ಮ ಓಣಿಗೆ ಹೊಸದಾಗಿ ಬಂದವರಿಗೆ ಇಲ್ಲೊಂದು ಬಯಲಿತ್ತು ಎಂದರೆ ನಂಬಿಕೆಯೇ ಬರುವುದಿಲ್ಲ.

ತಿಂಗಳಿಗೊಮ್ಮೆ ಅವ್ವನನ್ನು ದವಾಖಾನೆಗೆ ಕರೆದೊಯ್ಯಬೇಕು, ಆಟೋ ನಿಲ್ಲುವುದು ರಸ್ತೆಯಾಚೆ. ಅವಳು ನನ್ನ ಮೇಲೆ ಒಮ್ಮೆಯೂ ಸಿಟ್ಟಾದವಳಲ್ಲ. ನನ್ನ ಅಡುಗೆ ಉಣ್ಣುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ. ರಸ್ತೆಯ ಅಂಚಿಗೆ ಬಂದಾಗ ಮಾತ್ರ ನಾನು ಕೈ ಚಾಚಿದರೆ ಹಿಡಿಯುವುದಿಲ್ಲ.

"ನೀ ಮುಂದ ನಡಿಯವ್ವಾ, ನಾ ಬರ್ತೀನಿ," ಎನ್ನುತ್ತಾಳೆ, ಮೆತ್ತಗೆ.

ನಾನು ದಾಟಿ ಆಚೆ ನಿಂತು ನೋಡುತ್ತೇನೆ. ಅವಳು ಕೋಲೂರುತ್ತ ರಸ್ತೆ ನಡುವಿನ ಕಬ್ಬಿಣದ ಕಂಬಿಯವರೆಗೆ ಒಬ್ಬಳೇ ಬಂದು, ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ.