ತಿರ್ಲಾಪುರದ ಸೀಳು

ಭೂಮಿಯ ಸೆಳೆತ ಅಳೆಯುವ ಕೆಲಸವನ್ನು ನನಗೆ ಕಲಿಸಿದವರು ಕುಂದಗೋಳದ ಒಬ್ಬ ಹಿರಿಯರು. ನಾನು ಕಲಘಟಗಿಯವಳು, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಅವರು ಓದಿದ್ದು ಹತ್ತನೇ ಇಯತ್ತೆ. ಆದರೆ ಯಂತ್ರದ ಮುಂದೆ ಕುಳಿತರೆ ನನ್ನ ಎಂ.ಎಸ್ಸಿ. ಎಲ್ಲಿ ಹೋಗಿ ಅಡಗಿಕೊಳ್ಳುತ್ತಿತ್ತೋ ಗೊತ್ತಿಲ್ಲ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು.

ನೆಲದಡಿ ಭಾರವಾದ ಬಂಡೆ ಇದ್ದರೆ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು. ಎಂದೋ ಮರಳು, ಕೆಸರು ತುಂಬಿ ಕಲ್ಲಾದ ದೊಡ್ಡ ತಗ್ಗು ಇದ್ದರೆ ಅಷ್ಟೇ ಕಡಿಮೆ. ಅರ್ಧ ಕಿಲೋಮೀಟರಿಗೊಂದು ಕಡೆ ಯಂತ್ರ ಇಟ್ಟು, ತಿರುಪು ತಿರುಗಿಸಿ, ಅಂಕಿ ಓದುತ್ತ ಸಾಲಾಗಿ ಹೋಗಬೇಕು. ಅಂಕಿ ಮೆಲ್ಲಗೆ ಏರಿ ಇಳಿದರೆ ವಿಶೇಷವಿಲ್ಲ. ಎರಡು ಪಾಯಿಂಟಿನ ನಡುವೆ ಒಮ್ಮೆಲೇ ಕುಸಿದರೆ ಕೆಳಗಿನ ಬಂಡೆ ಸೀಳಿ ಒಂದು ಬದಿ ಇಳಿದಿದೆ ಎಂದು ಲೆಕ್ಕ. ಹತ್ತಿ ಬಿಡಿಸುವ ಹೆಂಗಸರು ನಮ್ಮ ಸುತ್ತ ನಿಂತು, "ಭೂಮಿ ತೂಕ ಮಾಡಾಕ ಬಂದಾರ ನೋಡ. ನಮ್ಮ ಹೊಲ ಎಷ್ಟ ಕೆಜಿ ಐತ್ರಿ?" ಎಂದು ನಗುತ್ತಿದ್ದರು. ಕಾಕಾ ಯಂತ್ರದಿಂದ ಕಣ್ಣು ತೆಗೆಯದೆಯೇ, "ನೀವೆಲ್ಲಾ ಮ್ಯಾಲೆ ನಿಂತೀರಿ, ಇಳೀರಿ, ಹೇಳ್ತೇನಿ" ಅನ್ನುತ್ತಿದ್ದರು.

ಈ ಯಂತ್ರಕ್ಕೆ ಒಂದು ದುರ್ಗುಣ. ಬಿಸಿಲಿಗೆ, ಹೊತ್ತಿಗೆ ತಾನಾಗಿಯೇ ಅಂಕಿ ಸರಿಯುತ್ತದೆ. ಪೆಟ್ಟು ಬಿದ್ದರೆ ಜಿಗಿದೇ ಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಒಂದು ಕಡೆ ಓದಿ ಹೊರಟವರು ಸಂಜೆ ಅಲ್ಲಿಗೇ ಬಂದು ಮತ್ತೆ ಓದಬೇಕು. ಎರಡು ಅಂಕಿಗಳ ಅಂತರದಿಂದ ಇಡೀ ದಿನದ ಓದನ್ನು ತಿದ್ದಬೇಕು. ನಮಗೆ ಆ ಜಾಗ ನವಲಗುಂದದ ಒಂದು ಶಾಲೆಯ ಕಲ್ಲಿನ ಮೆಟ್ಟಿಲು. ಕಾಕಾ ಅದಕ್ಕೆ ತವರು ಅನ್ನುತ್ತಿದ್ದರು. "ತವರು ಮುಟ್ಟಲಾರದ ದಿನದ ಓದು ಓದಲ್ಲ, ತಂಗಿ. ಗೆರಿ ಎಳದ ಕಾಟ ಹಾಕಿಬಿಡಬೇಕು" ಎಂದು ಮೊದಲ ದಿನವೇ ಹೇಳಿದ್ದರು.

ಅವರ ನಿವೃತ್ತಿಗೆ ಮೂರು ತಿಂಗಳಿದ್ದಾಗ ಅವರ ಹೆಂಡತಿ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದರು. ಒಂದು ದಿನ ಗಾಬರಿ, ಒಂದು ದಿನ ಆರಾಮ, ಹೀಗೇ ವಾರ ಕಳೆದಿತ್ತು. ಮಗಳು ಹತ್ತಿರವಿದ್ದಳು. ಆ ದಿನ ನಾವು ತಿರ್ಲಾಪುರದ ಕಡೆಯ ಸಾಲಿನಲ್ಲಿದ್ದೆವು, ಆ ದಿನಕ್ಕೆ ಕೊನೆಯ ಆರು ಪಾಯಿಂಟು ಮಾತ್ರ ಉಳಿದಿದ್ದವು. ಹನ್ನೊಂದರ ಸುಮಾರಿಗೆ ಮಗಳ ಫೋನು ಬಂತು. ಕಾಕಾ ಮಾತಾಡಿ ಇಟ್ಟರು.

"ಏನಂತ್ರಿ ಕಾಕಾ?" ಅಂದೆ.

"ಅವ್ವ ಎದ್ದ ಕುಂತಾಳ, ನಿನ್ನ ಕೇಳಾಕತ್ತಾಳ, ಬಾ ಅಂತಾಳ. ಎದ್ದ ಕುಂತಾಳಂದ್ರ ಆರಾಮ ಐತಿ ಅಂತನ. ಆರ ಪಾಯಿಂಟ್ ಮುಗಿಸಿ ಹೋಗೂಣು."

ಹೋಗ್ರಿ ಅಂತ ನಾನು ಅನ್ನಬಹುದಿತ್ತು. ಅನ್ನಲಿಲ್ಲ. ನನಗೂ ಆ ಸಾಲು ಒಮ್ಮೆ ಮುಗಿದರೆ ಸಾಕಾಗಿತ್ತು. ಎರೆಮಣ್ಣಿನ ಹೊಲದಲ್ಲಿ ಮುಂದಿನ ಪಾಯಿಂಟು ಹುಡುಕುತ್ತ ನಡೆದುಬಿಟ್ಟೆ.

ಆರು ಪಾಯಿಂಟಿಗೆ ಮೂರು ತಾಸು ಹಿಡಿಯಿತು. ಕೊನೆಯದನ್ನು ಓದಿ ಏಳುವಾಗ ಎರಡನೇ ಫೋನು ಬಂತು. ಈ ಸಲ ಕಾಕಾ ಫೋನು ಇಟ್ಟವರೇ ಜೀಪು ಹತ್ತಿ ಕುಳಿತರು. ನವಲಗುಂದ ಒಂದು ದಿಕ್ಕಿಗೆ, ಹುಬ್ಬಳ್ಳಿ ಇನ್ನೊಂದು ದಿಕ್ಕಿಗೆ. ಡ್ರೈವರ್ ನನ್ನ ಮುಖ ನೋಡಿದ. ಹುಬ್ಬಳ್ಳಿಗೆ ನಡಿ ಅಂದೆ. ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಅಷ್ಟರ ಮಟ್ಟಿಗೆ ಅಂದು ನಾನು ಮಾಡಿದ್ದು ಸರಿ, ಇಂದು ಕೇಳಿದರೂ ಹಾಗೇ ಮಾಡುತ್ತೇನೆ.

ನಾವು ಮುಟ್ಟಿದಾಗ ಆಕೆಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಕಾಕಾ ಕಿವಿಯ ಹತ್ತಿರ ಬಗ್ಗಿ, "ನಾ ಬಂದೇನಿ ನೋಡ" ಎಂದು ಎಷ್ಟೋ ಸಲ ಅಂದರು. ಹೊತ್ತು ಮುಳುಗುವ ಮುಂಚೆ ಉಸಿರೂ ನಿಂತಿತು. ಮಗಳು ತಂದೆಯ ಕಡೆ ತಿರುಗಿ, "ಮೂರು ತಾಸು ಮಾತಾಡಿದ್ಳಪಾ. ಬಾಗಿಲಾನ ನೋಡಕೋತ ಮಾತಾಡಿದ್ಳು" ಅಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ನಾನು ಅಂಕಿ ಬರೆದಿಡುವ ವಹಿ ತೆರೆದೆ. ಸಂಜೆ ತವರಿನ ಓದು ಬರೆಯುವ ಜಾಗ ಖಾಲಿ ಇತ್ತು. ಖಾಲಿ ಬಿಟ್ಟರೆ ಯಾಕೆಂದು ಕೇಳುತ್ತಾರೆ, ಕೆಲಸ ನಡುವೆ ಬಿಟ್ಟು ಹೋದರು ಎಂಬ ಮಾತು ಕಾಕಾನ ಕೊನೆಯ ತಿಂಗಳುಗಳಿಗೆ ಅಂಟಿಕೊಳ್ಳುತ್ತದೆ ಅನ್ನಿಸಿತು. ಹಿಂದಿನ ದಿನಗಳಲ್ಲಿ ಅಂಕಿ ಎಷ್ಟು ಸರಿದಿತ್ತೋ ನೋಡಿ, ಅಷ್ಟೇ ಸರಿದಂತೆ ಒಂದು ಅಂಕಿ ಬರೆದೆ. ದಯೆಯಿಂದ ಬರೆದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೋಗಿ ಆರೂ ಪಾಯಿಂಟು ಮತ್ತೆ ಓದುವ ಬೇಸರವೂ ಆ ದಯೆಯೊಳಗೆ ಇತ್ತು.

ಹದಿನೈದು ದಿನದ ಮೇಲೆ ಕಾಕಾ ಬಂದರು. ಅಷ್ಟರಲ್ಲಿ ಆ ಸಾಲಿನ ಅಂಕಿಗಳನ್ನು ಹಾಳೆಯ ಮೇಲೆ ಗೆರೆಯಾಗಿ ಎಳೆದಾಗಿತ್ತು. ಕೊನೆಯ ಆರು ಪಾಯಿಂಟು ಶುರುವಾಗುವ ಕಡೆ ಅಂಕಿ ಧಡಕ್ಕನೆ ಕುಸಿದಿತ್ತು. ಅಲ್ಲೊಂದು ಸೀಳು, ಅದರಾಚೆ ತುಂಬಿದ ತಗ್ಗು ಇರಬೇಕೆಂದು ಇಲಾಖೆಯ ಮೇಲಿನವರು ಖುಷಿಪಟ್ಟಿದ್ದರು. ಕಾಕಾ ಗೆರೆಯ ಮೇಲೆ ಬೆರಳಾಡಿಸುತ್ತ ಹೋಗಿ ಕುಸಿದ ಕಡೆ ನಿಲ್ಲಿಸಿದರು.

"ನೋಡ ತಂಗಿ. ನಾ ಅಲ್ಲಿ ಸುಮ್ಮನ ನಿಂತಿದ್ದಿಲ್ಲ."

ಆ ಮೇಲೆ ಅವರು ಅದನ್ನು ಎಲ್ಲರಿಗೂ ಹೇಳಿದರು. ಡ್ರೈವರ್‌ಗೆ, ಚಹಾ ಅಂಗಡಿಯವರಿಗೆ, ಮಾತಾಡಿಸಲು ಬಂದ ಬೀಗರಿಗೆ. ಮಗಳು ಮಾತ್ರ ಅವರೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡುತ್ತಿದ್ದಳಂತೆ. "ನಕ್ಷಾ ಅಚ್ಚಾಗಲಿ, ಆಕಿ ಮುಂದ ಹಾಸ್ತೇನಿ. ಅಪ್ಪ ಯಾಕ ತಡಾ ಮಾಡಿದ ಅಂತ ತಿಳೀತೈತಿ" ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಅವರು ಆ ಸೀಳಿನ ಮಾತೆತ್ತಿದರೆ ನಾನು ಕಡತದಲ್ಲಿ ಮುಖ ಹುದುಗಿಸುತ್ತಿದ್ದೆ.

ಅವರು ನಿವೃತ್ತರಾದ ಮೇಲೆ, ನಕ್ಷೆ ಅಚ್ಚಿಗೆ ಹೋಗುವ ಮುಂಚೆ, ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಒಂದು ದಿನ ಹೋಗಿ ಆ ಆರು ಪಾಯಿಂಟನ್ನೂ, ಅವಕ್ಕೆ ಹಿಂದಿನ ಎರಡನ್ನೂ ಮತ್ತೆ ಓದಿದೆ. ಸಂಜೆ ನವಲಗುಂದದ ಮೆಟ್ಟಿಲಿಗೂ ಬಂದು ಓದಿದೆ. ಲೆಕ್ಕ ಹಾಕಿ ಹೊಸದಾಗಿ ಗೆರೆ ಎಳೆದೆ. ಗೆರೆ ಸಪಾಟಾಗಿ ಹೋಗಿತ್ತು, ಎಲ್ಲೂ ಕುಸಿದಿರಲಿಲ್ಲ.

ಮೇಲಿನವರಿಗೆ ನನ್ನ ತಪ್ಪು ಬರೆದುಕೊಟ್ಟೆ, ಬೈಸಿಕೊಂಡೆ. ಅದು ಸುಲಭದ್ದು. ಆಮೇಲೆ ಹೊಸ ಗೆರೆ ಹಿಡಿದು ಕುಂದಗೋಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಹೇಳದೇ ವಾಪಸು ಬರಲೇ ಎಂದು ಯೋಚಿಸಿದೆ. ಆದರೆ ಅಚ್ಚಾದ ನಕ್ಷೆ ನೋಡಿ, ಮಗಳೆದುರಿಗೆ ಅದನ್ನು ಹಾಸಿ, ಇಲ್ಲದ ಸೀಳನ್ನು ಅವರು ಹುಡುಕುವುದು ಇನ್ನೂ ಕೆಟ್ಟದ್ದಾಗುತ್ತಿತ್ತು.

ಕಾಕಾ ನನ್ನನ್ನು ಕಂಡು ಹಿಗ್ಗಿದರು. ಮಗಳೇ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು. ನಾನು ಹಾಳೆ ಬಿಚ್ಚಿ ಎಲ್ಲ ಹೇಳಿದೆ. ಬರೆದ ಸುಳ್ಳು ಅಂಕಿಯನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರು.

"ತವರು ಮುಟ್ಟಿಸಿದಿ?"

"ಹೌದ್ರಿ ಕಾಕಾ."

"ಹಂಗಾದ್ರ ಇದ ಖರೆ." ಹಳೆಯ ಗೆರೆಯ ಕುಸಿತದ ಮೇಲೆ ಬೆರಳಿಟ್ಟು ಅಂದರು, "ಮೊದಲನೇ ಫೋನ್ ಇಟ್ಟ ಮ್ಯಾಲ ಪೆಟ್ಟಿಗಿ ಕೈ ಜಾರಿ ಜೀಪಿನ ಬಾಗಿಲಕ್ಕ ಬಡದಿತ್ತು. ಅಂಕಿ ಆವಾಗ ಜಿಗದಿರಬೇಕು. ನೀ ಮುಂದ ಹೋಗಿದ್ದಿ. ನನಗ ಆಮ್ಯಾಲ ಅದರ ನೆಪ್ಪ ಸೈತ ಬರಲಿಲ್ಲ."

"ನಾ ಆವತ್ತ ಖಾಲಿ ಬಿಟ್ಟಿದ್ರ ಆ ಆರಕ್ಕೂ ಆಗಲೇ ಕಾಟ ಬೀಳ್ತಿತ್ರಿ. ತಪ್ಪ ನಂದೈತ್ರಿ" ಅಂದೆ. ನನಗೆ ಅಳು ಬಂತು, ಅಳುವ ಹಕ್ಕು ನನಗಿರಲಿಲ್ಲ ಎಂದು ನಾಚಿಕೆಯೂ ಆಯಿತು.

ಅವರು ಕನ್ನಡಕ ತೆಗೆದಿಟ್ಟರು. ಹಾಳೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ನನ್ನನ್ನಾಗಲಿ ಮಗಳನ್ನಾಗಲಿ ನೋಡದೆ, ಬಹಳ ಮೆಲ್ಲಗೆ ಕೇಳಿದರು:

"ಹಂಗಾದ್ರ ಆ ಮೂರು ತಾಸು ನಾ ಅಲ್ಲಿ ಏನ ಮಾಡಿದ್ನಿ?"

ಮಗಳು ಬಾಗಿಲು ಬಿಟ್ಟು ಬಂದು ಅವರ ಬಾಜು ಕುಳಿತಳು.