ಮೀನಿನ ಗಡಿಗೆಗೆ ಎರಡು ಚಮಚ ಖಾರ

ನಾನು ಬ್ಯಾಡಗಿಯವಳು. ನಮ್ಮ ಕಡೆ ಖಾರವನ್ನು ಕಣ್ಣಿನಿಂದ ಅಳೆಯುತ್ತೇವೆ. ಸಾರು ಕೆಂಪಗಾಗುವವರೆಗೆ ಪುಡಿ ಸುರಿಯುವುದು, ಕೆಂಪಾಯಿತೆಂದರೆ ಮುಗಿಯಿತು. ನಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ನಾಲಿಗೆಯನ್ನು ಅಷ್ಟಾಗಿ ಸುಡುವುದಿಲ್ಲ. ಈ ಒಂದು ತಿಳಿವಳಿಕೆ ನೆಚ್ಚಿಕೊಂಡು ನಾನು ರಾಣೆಬೆನ್ನೂರಿನ ಗಂಡನ ಮನೆಯಲ್ಲಿ ಮೊದಲ ಸಲ ಮೀನು ಮಾಡಲು ಕೂತೆ.

ತವರಲ್ಲಿ ಮೀನು ಮಾಡುತ್ತಿರಲಿಲ್ಲ. ಇಲ್ಲಿಯೋ, ಅತ್ತೆ ಮಾವ ಇಬ್ಬರೂ ಐರಣಿಯವರು, ಹೊಳೆಯ ದಂಡೆಯಲ್ಲಿ ಬೆಳೆದವರು. ಭಾನುವಾರ ಮೀನಿಲ್ಲದಿದ್ದರೆ ಮಾವ ಸೋಮವಾರದವರೆಗೆ ಯಾರೊಡನೆಯೂ ಸರಿಯಾಗಿ ಮಾತಾಡರು. ಆದರೆ ಮೀನಿನ ಗಡಿಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಗ್ಯಾಸು ಒಳಗೆ, ಮೀನು ಹಿತ್ತಲಲ್ಲಿ, ಕಟ್ಟಿಗೆ ಒಲೆಯ ಮೇಲೆ. ಆ ಒಲೆ ಅತ್ತೆಯದು. ಅದರ ಊದುಗೊಳವೆಯನ್ನೂ ಅವರು ಯಾರಿಗೂ ಮುಟ್ಟಗೊಟ್ಟವರಲ್ಲ.

ಅಂಥ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಒಂದು ತಿಂಗಳು ಹೊಗೆಯ ಹತ್ತಿರ ಸುಳಿಯಬಾರದೆಂದರು. ಭಾನುವಾರ ಬಂದಿತು. ನಮ್ಮ ಯಜಮಾನರು ಬೀಜದ ಕಂಪನಿಯ ಕೆಲಸಕ್ಕೆಂದು ಪರವೂರಿಗೆ ಹೋಗಿದ್ದರು. ಮಾವ ಐರಣಿಯಿಂದ ಮೀನು ತಂದಿಟ್ಟರು. ಒಂದೇ ಒಂದು ವಾರ ನೋಡುತ್ತೇನೆ, ನಿನ್ನ ಕೈಯಲ್ಲಿ ಕೆಟ್ಟರೆ ಮುಂದಿನ ವಾರ ಕಣ್ಣು ಇರಲಿ ಹೋಗಲಿ ನಾನೇ ಒಲೆ ಮುಂದೆ ಕೂರುತ್ತೇನೆ ಎಂದು ಅತ್ತೆ ಮಾವನ ಎದುರಿಗೇ ಹೇಳಿಬಿಟ್ಟರು. ಹೇಳಿದ್ದನ್ನು ಮಾಡುವ ಪೈಕಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೊಗೆ ತಾಗದಷ್ಟು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಊದುಗೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು ಅವರು ಅಲ್ಲಿಂದಲೇ ಅಡುಗೆ ಮಾಡಿದರು, ಕೈ ಮಾತ್ರ ನನ್ನದು. ಮೀನಿಗೆ ಉಪ್ಪು ಅರಿಶಿನ ತಿಕ್ಕಿ ತೊಳೆ. ಉಳ್ಳಾಗಡ್ಡಿ ಒಣಕೊಬ್ಬರಿ ಹುರಿದು ಬೆಳ್ಳುಳ್ಳಿ ಜೊತೆ ಅರೆ. ಹುಣಸೆ ರಸ ಬಿಟ್ಟು ಮಸಾಲೆ ಕುದಿಸು, ಚೆನ್ನಾಗಿ ಕುದ್ದ ಮೇಲೆಯೇ ಮೀನು ಬಿಡು. ಆಮೇಲೆ ಸೌಟು ಹಾಕಿದರೆ ಮೀನು ಪುಡಿಪುಡಿ, ಗಡಿಗೆಯನ್ನೇ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸು. ಇಷ್ಟೇ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಇಷ್ಟೊಂದು ಬಿಗುಮಾನವೇ ಎಂದುಕೊಂಡೆ.

ಖಾರಕ್ಕೆ ಮೀನಿನದೇ ಬೇರೆ ಡಬ್ಬಿ.

“ಎರಡ ಚಮಚ ಹಾಕು. ಜಾಸ್ತಿ ಬ್ಯಾಡ,” ಎಂದರು ಅತ್ತೆ.

ಹಾಕಿದೆ. ಬಣ್ಣವೇ ಬರಲಿಲ್ಲ. ಬ್ಯಾಡಗಿಯವಳಿಗೆ ಖಾರದ ಪಾಠವೇ? ಸದ್ದಾಗದಂತೆ ಇನ್ನೂ ನಾಲ್ಕು ಚಮಚ ಹಾಕಿದೆ. ಅದು ಉರಿಗೆ ಹೆಸರಾದ ಗುಂಟೂರು ಮೆಣಸಿನಕಾಯಿಯ ಪುಡಿಯೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಾವ ಹಿತ್ತಲ ಕಟ್ಟೆಯ ಮೇಲೆ ರೊಟ್ಟಿ ಹಿಡಿದು ಕೂತರು. ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಕುರ್ಚಿಯ ಕಡೆ ನೋಡಿದರು, ಮತ್ತೆ ತಿನ್ನತೊಡಗಿದರು. ತಂಬಿಗೆ ನೀರು ಖಾಲಿಯಾಯಿತು. ಕಣ್ಣಲ್ಲಿ ನೀರು ಧಾರಾಕಾರ. ಸೊಸೆಯ ಕೈರುಚಿಗೆ ಮಾವನ ಮನಸ್ಸು ತುಂಬಿಬಂತೆಂದು ನಾನು ಬೀಗಿದ್ದೇ ಬೀಗಿದ್ದು.

“ಛಲೋ ಆಗೇತಿ,” ಎಂದರು ಮಾವ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಅತ್ತೆಯ ಕಡೆ ತಿರುಗಿ. “ಇನ್ನ ಆಕೀನ ಮಾಡ್ಲಿ. ನೀ ಒಲಿ ಕಡೆ ಹೋಗಬ್ಯಾಡ.”

ಅವರು ಕೈ ತೊಳೆಯಲು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

“ಇಷ್ಟ ವರ್ಷ ಮಾಡಿ ಹಾಕೇನಿ. ಒಂದ ದಿನಾನೂ ನನಗ ಛಲೋ ಆಗೇತಿ ಅಂದಿಲ್ಲ.”

ರುಚಿ ನೋಡೋಣವೆಂದು ಸಾರಿಗೆ ಬೆರಳದ್ದಿ ಬಾಯಿಗಿಟ್ಟೆ. ಕಿವಿಯವರೆಗೂ ಉರಿ ಏರಿತು. ಮಾತಾಡಲೂ ಆಗದೆ ಅತ್ತೆಯ ಅಂಗೈಗೆ ಒಂದು ಹನಿ ಬಿಟ್ಟೆ. ಅವರು ನೆಕ್ಕಿದರು. ಕನ್ನಡಕದೊಳಗಿಂದ ನನ್ನತ್ತ ತಿರುಗಿದರು.

“ಇದನ್ನ ಪೂರಾ ತಿಂದ್ರೇನು?”

“ತಿಂದ್ರು ಅತ್ತಿ. ಕಣ್ಣಾಗ ನೀರು ಸುರಿಯಾಕತ್ತಿತ್ತು. ನಿಮಗ ಕಾಣ್ಲಿಲ್ಲ.”

ಅತ್ತೆ ಬಚ್ಚಲ ಕಡೆ ಕಿವಿಗೊಟ್ಟರು. ಅಲ್ಲಿ ಮಾವ ಇನ್ನೂ ಬಾಯಿ ಮುಕ್ಕಳಿಸುತ್ತಲೇ ಇದ್ದರು. ಅದನ್ನು ಕೇಳುತ್ತ ಕೇಳುತ್ತ ಅತ್ತೆಯ ಮುಖ ಅರಳಿತು. ಮಡಿಲಲ್ಲಿದ್ದ ಊದುಗೊಳವೆಯನ್ನು ನನ್ನ ಕಡೆ ಚಾಚಿದರು.

“ಮುಂದಿನ ಐತವಾರ ಎರಡ ಚಮಚ ಹಾಕು,” ಎಂದರು. “ನಾ ಇಲ್ಲೇ ಕುರ್ಚಿ ಮ್ಯಾಲ ಕುಂತಿರ್ತೇನಿ.”